ಶ್ರದ್ಧೆಯೂ ಪರೀಕ್ಷೆಯೂ

ಕಾಣದುದನ್ನು ನಂಬುವವನಿಗೆ ಅದನ್ನು ಪರೀಕ್ಷಿಸುವ ಅಧಿಕಾರವುಂಟೇ, ಪರೀಕ್ಷೆಗೆ ಹೊರಟವನಲ್ಲಿ ಶ್ರದ್ಧೆ ಉಳಿದಿರುವುದೇ ಎಂಬುದು ಪುರಾತನವಾದ ಪ್ರಶ್ನೆ. 1984ರಲ್ಲಿ ಸ್ಥಗಿತಗೊಂಡ ವಿದ್ಯುತ್ ಸ್ಥಾವರದ ಎರಡು ಚಿಮಣಿಗಳು ಪರ್ಲಿ ವೇ ಹೆದ್ದಾರಿಯ ಬಳಿ ಇಂದಿಗೂ ತಲೆಯೆತ್ತಿ ನಿಂತಿರುವ, ಲಂಡನ್ನಿನ ಈ ಕ್ರೋಯ್ಡನ್ನಿನಲ್ಲಿ, ಬೇಸಗೆಯ ಪ್ರವಾಸಕ್ಕೆಂದು ಮೋಟರ್‌ಹೋಮನ್ನು ಸಿದ್ಧಗೊಳಿಸುವ ಗೃಹಸ್ಥನ ಮುಂದೆ ಆ ಪ್ರಶ್ನೆ ಸಾಕೆಟ್ಟು ವೈರುಗಳ ರೂಪವನ್ನು ತಾಳಿ ಬರುತ್ತದೆ. ಏಕೆಂದರೆ ಅವನ ಮಡದಿ ಮಕ್ಕಳು ಮಲಗುವ ಹಾಸಿಗೆಯ ಬದಿಯಲ್ಲಿಯೇ, ಮರದ ಹಲಗೆಯ ಹಿಂದೆ, ಅವನೆಂದೂ ನೋಡಿರದ ಸಂಧಿಗಳು ಅಡಗಿರುತ್ತವೆ.

ಕಠೋಪನಿಷತ್ತಿನ ನಚಿಕೇತನನ್ನು ಶ್ರದ್ಧೆಯ ಮೂರ್ತಿಯೆಂದು ಕೊಂಡಾಡುವ ನಾವು, ಶ್ರದ್ಧೆ ಆ ಬಾಲಕನನ್ನು ಹೊಕ್ಕೊಡನೆ ಅವನು ಮಾಡಿದುದೇನೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ತಂದೆ ಯಜ್ಞದಲ್ಲಿ ದಾನವಾಗಿ ಕೊಡುತ್ತಿದ್ದ ಗೋವುಗಳತ್ತ ಅವನ ದೃಷ್ಟಿ ಹರಿಯಿತು. ಅವು ಇನ್ನು ಹುಲ್ಲು ಮೇಯಲಾರದ, ಹಾಲು ಬತ್ತಿದ ಮುದಿ ಪಶುಗಳೆಂಬುದನ್ನು ಅವನು ಕಂಡನು. ಯಜ್ಞದಲ್ಲಿ ನಂಬಿಕೆಯಿಲ್ಲದವನಿಗೆ ಗೋವುಗಳು ಎಂಥವಾದರೇನು? ನಂಬಿದವನಾದ್ದರಿಂದಲೇ ಅವನು ಪರೀಕ್ಷಿಸಿದನು.

ಓಡುವ ಮನೆಯ ವೈರಿಂಗಿನಲ್ಲಿ ಈ ಮಾತಿಗೆ ಸ್ಥೂಲವಾದ ಅರ್ಥವೇ ದೊರೆಯುತ್ತದೆ. ನೆಲಕ್ಕೆ ಕಚ್ಚಿ ನಿಂತ ಮನೆಯ ಗೋಡೆಯಲ್ಲಿ ಬಹುಕಾಲ ಅಲುಗದಿರುವ ಸಂಧಿಯು ಇಲ್ಲಿ ಮೈಲಿ ಮೈಲಿಗೂ ನಡುಗುತ್ತದೆ; ತಿರುಪು ತುಸು ಸಡಿಲಿದರೂ ಅಲ್ಲಿ ರೋಧ ಹುಟ್ಟುತ್ತದೆ; ಒಂದು ಓಮಿನ ಹತ್ತನೆಯ ಒಂದು ಪಾಲಿನಷ್ಟು ರೋಧದಲ್ಲಿ 16 ಆಂಪಿಯರ್ ಪ್ರವಾಹ ಹರಿದರೆ 25 ವಾಟ್‌ಗೂ ಮಿಕ್ಕ ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ ಕೂಡಿಕೊಳ್ಳುತ್ತದೆ, ಆ ಶಾಖದಿಂದ ತಾಮ್ರ ಕಪ್ಪಿಟ್ಟು ರೋಧ ಮತ್ತೂ ಬೆಳೆಯುತ್ತದೆ. ಪ್ರವಾಹ ಮಿತಿಯೊಳಗೇ ಇರುವುದರಿಂದ ಫ್ಯೂಸು ಇದನ್ನರಿಯದು. ಸೋರಿಕೆಯಿಲ್ಲದಿರುವುದರಿಂದ, 30 ಮಿಲಿಆಂಪಿಯರ್ ಸೋರಿದರೆ ಪ್ರವಾಹವನ್ನು ಕಡಿಯುವ ಆರ್‌ಸಿಡಿಯೂ ಅರಿಯದು. ದೀಪ ಬೆಳಗುತ್ತಲೇ ಇರುತ್ತದೆ, ನೀರು ಕುದಿಯುತ್ತಲೇ ಇರುತ್ತದೆ, ಮನಸ್ಸು ನಿಶ್ಚಿಂತವಾಗಿರುತ್ತದೆ. ತನ್ನ ಚಿತ್ತದ ಸಮಾಧಾನವನ್ನೇ ಸತ್ಯಕ್ಕೆ ಪ್ರಮಾಣವೆಂದು ಬಗೆಯುವ ಭಕ್ತನಿಗೆ ಒದಗುವ ಅಪಾಯವೂ ಇಂಥದೇ ಎಂದು ನನಗೆ ತೋರುತ್ತದೆ. ಆದುದರಿಂದ ಬಲ್ಲವರು ಒಂಟಿ ಗಟ್ಟಿತಂತಿಯನ್ನು ಬಿಟ್ಟು ಹಲವು ಎಳೆಗಳ, ಬಳುಕುವ ತಾಮ್ರದ ವೈರನ್ನು ಆರಿಸುತ್ತಾರೆ. ಎಳೆಗಳ ತುದಿಗೆ ಲೋಹದ ಕೊಳವೆ ತೊಡಿಸಿ ಒತ್ತುತ್ತಾರೆ, ಇಲ್ಲವೆ ಸ್ಪ್ರಿಂಗಿನ ಕನೆಕ್ಟರನ್ನು ಬಳಸುತ್ತಾರೆ. ತಂಗುದಾಣದ ಕಂಬದಿಂದ ವಿದ್ಯುತ್ತನ್ನು ತರುವ, ನೀಲಿ ಪ್ಲಗ್ಗಿನ ಕೇಬಲ್ಲನ್ನು ಸುರುಳಿ ಪೂರ್ತಿ ಬಿಚ್ಚಿಯೇ ಹಾಸುತ್ತಾರೆ.

ಈ ದೇಶದ ಮೂರು ಪಿನ್ನಿನ ಸಾಕೆಟ್ಟಿನ ಚರಿತ್ರೆಯೂ ಇಲ್ಲಿ ಸ್ಮರಣೀಯ. ಎರಡನೆಯ ಮಹಾಯುದ್ಧದ ನಂತರದ ಮನೆಗಳ ವಿದ್ಯುದ್ವ್ಯವಸ್ಥೆಯನ್ನು ಕುರಿತು ಯುದ್ಧದ ನಡುವೆಯೇ ಆಲೋಚಿಸಿದ ಸಮಿತಿಯಲ್ಲಿ ಇಂಜಿನಿಯರ್ ಕೆರೊಲಿನ್ ಹ್ಯಾಸ್ಲೆಟ್ ಒಬ್ಬರೇ ಮಹಿಳೆ; ಮಕ್ಕಳ ಬೆರಳು ವಿದ್ಯುತ್ತಿರುವ ಲೋಹವನ್ನು ಸೋಕದಂತೆ ಒಳಗೆ ಮುಚ್ಚಳವಿರುವ ಸಾಕೆಟ್ಟು 1947ರ ಬಿ.ಎಸ್. 1363 ಮಾನಕದಲ್ಲಿ ನೆಲೆಗೊಂಡಿತು. ಉಳಿದೆರಡಕ್ಕಿಂತ ಉದ್ದವಾದ ಅರ್ಥಿಂಗ್ ಪಿನ್ನು ಮೊದಲು ಒಳಹೊಕ್ಕು ಆ ಮುಚ್ಚಳವನ್ನು ಸರಿಸುತ್ತದೆ, ಎಲ್ಲಕ್ಕೂ ಕಡೆಯಲ್ಲಿ ಹೊರಬರುತ್ತದೆ. ಮನುಷ್ಯನ ಮರೆವನ್ನು ನಿಂದಿಸದೆ ಅದಕ್ಕೆ ಮುಂಚಿತವಾಗಿಯೇ ರಕ್ಷೆಯನ್ನೊದಗಿಸಿದ ಈ ವಿವೇಕವನ್ನು ನಾನು ಕರುಣೆಯೆಂದೇ ಕರೆಯುತ್ತೇನೆ.

ಬ್ರಿಟನ್ನಿನ ವೈರಿಂಗ್ ನಿಯಮಾವಳಿಯಾದ ಬಿ.ಎಸ್. 7671, ಬೆಸುಗೆಯೇ ಮೊದಲಾದ ಕೆಲವು ಅಪವಾದಗಳನ್ನುಳಿದು, ಪ್ರತಿಯೊಂದು ಸಂಧಿಯೂ ಪರೀಕ್ಷೆಗೆ ನಿಲುಕುವಂತಿರಬೇಕೆಂದು ವಿಧಿಸುತ್ತದೆ. ಮತಸಿದ್ಧಾಂತಗಳಿಗೂ ಈ ವಿಧಿ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತೆರೆದು ನೋಡಗೊಡದ ಮತವನ್ನು ಮಕ್ಕಳ ಕೈಗೆ ಕೊಡಲು ನನಗೆ ಮನಸ್ಸೊಪ್ಪದು. ಆದರೆ ಪರೀಕ್ಷೆಗೂ ಒಂದು ಮುಗಿವುಂಟು: ನಚಿಕೇತನು ಯಮನ ಬಾಗಿಲಲ್ಲಿ ಕಾದು, ಪ್ರಲೋಭನೆಗಳನ್ನು ತಿರಸ್ಕರಿಸಿ, ಕೊನೆಗೆ ಶಿಷ್ಯನಾಗಿ ಕುಳಿತು ಕೇಳಿದನು, ಸಂಧಿಯನ್ನು ಶೋಧಿಸಿದ ಗೃಹಸ್ಥನೂ ರಾತ್ರಿ ದೀಪವಾರಿಸಿ ಮಲಗಲೇಬೇಕು. ವಾಹನದ ವಿದ್ಯುದ್ವ್ಯವಸ್ಥೆಯನ್ನು ಮೂರು ವರ್ಷಕ್ಕೊಮ್ಮೆ, ಪದೇ ಪದೇ ಬಳಸುವವರು ವರ್ಷಕ್ಕೊಮ್ಮೆ, ಅರ್ಹರಾದವರಿಂದ ಪರೀಕ್ಷಿಸಿಕೊಳ್ಳಬೇಕೆಂಬುದು ಇಲ್ಲಿನ ಸಲಹೆ. ಹೊರಡುವ ಮೊದಲು ಅದನ್ನು ಮಾಡಿಸಿರಿ.