ಭಂಡಾರಿಯ ಕೀಲಿಕೈ

ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದ ರೈತನ ಪಹಣಿ, ಅಂದರೆ ಹೊಲದ ಒಡೆತನ ಹಾಗೂ ಬೆಳೆಯ ದಾಖಲೆ, ಇಂದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಿಂದ ಸರ್ಕಾರದ ‘ಭೂಮಿ’ ತಂತ್ರಾಂಶಕ್ಕೆ ಬಂದಿದ್ದು, ಅದನ್ನು ಯಾರು ಬೇಕಾದರೂ ನೋಡಬಹುದಾದರೂ ತಿದ್ದುವ ಅಧಿಕಾರ ಬೆರಳಚ್ಚಿನಿಂದ ಗುರುತಿಸಲಾದ ಕೆಲವೇ ಅಧಿಕಾರಿಗಳಿಗಿದೆ. ಯಾರು ಏನು ಮಾಡಬಹುದೆಂಬ ಇಂಥ ನಿಗದಿಗೆ ಪ್ರವೇಶಾನುಮತಿ ಎನ್ನುತ್ತಾರೆ. ದೂರದ ಸರ್ವರ್‌ಗಳನ್ನು ಹಲವರು ಹಂಚಿಕೊಳ್ಳುವ ಕ್ಲೌಡ್ ವ್ಯವಸ್ಥೆಯಲ್ಲಿ ಇದರ ತೂಕ ಇನ್ನೂ ಹೆಚ್ಚು. ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಬೇಕೆಂಬ ತತ್ತ್ವವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲಿ ವಿವರಿಸಿದರು. ಆದರೆ ಅನುಮತಿ ಹಂಚುವ ನಿರ್ವಾಹಕನನ್ನೇ ಅಂಕೆಯಲ್ಲಿಡುವುದು ಯಾವುದು?

ಈ ಪ್ರಶ್ನೆಗೆ ಹಳೆಯ ಕಥೆಯೊಂದು ಸುಳಿವು ಕೊಡುತ್ತದೆ. ಬಾಗೇವಾಡಿಯಲ್ಲಿ ಹುಟ್ಟಿ ದೊರೆ ಬಿಜ್ಜಳನ ಭಂಡಾರಿಯಾದ ಬಸವಣ್ಣನವರು ಅರಮನೆಯ ಹಣವನ್ನು ಜಂಗಮರಿಗೆ ವ್ಯಯಿಸಿದರೆಂಬ ದೂರು ಬಂದು, ಎಣಿಸಿ ನೋಡಿದಾಗ ಭಂಡಾರ ಕುಂದಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಈ ಕಥೆಯಲ್ಲಿ ಪವಾಡವನ್ನು ಬದಿಗಿಟ್ಟರೂ ಉಳಿಯುವ ಸಂಗತಿ ದೊಡ್ಡದು: ಕೈಗೆ ಬಂದುದೆಲ್ಲ ಸಮಾಜಕ್ಕೆ ಸಲ್ಲಬೇಕಾದದ್ದೆಂದು ನಂಬುವ ದಾಸೋಹಿ ಲೆಕ್ಕ ತೋರಿಸಲು ಹಿಂಜರಿಯಲಿಲ್ಲ. ಒಳಗಿನ ನಿಷ್ಠೆಯೊಂದೇ ಸಾಕೆನ್ನುವುದು ಭಕ್ತಿಯ ಅತಿಯಾದ ನಂಬಿಕೆ, ತಪಾಸಣೆಯೊಂದೇ ಸಾಕೆನ್ನುವುದು ಯಂತ್ರದ್ದು. ರೈತನ ಹೊಲ ಉಳಿಯಬೇಕಾದರೆ ನಿರ್ವಾಹಕನ ಪ್ರತಿ ತಿದ್ದುಪಡಿಯೂ ಅವನು ಅಳಿಸಲಾರದ ದಾಖಲೆಯಲ್ಲಿ ಉಳಿಯಬೇಕು, ಹುದ್ದೆ ಬಿಟ್ಟ ದಿನವೇ ಅವನ ಅನುಮತಿ ರದ್ದಾಗಬೇಕು.