ಊರು ಗೊತ್ತಾಗುವುದು ಯಾವಾಗ?

ಅರಸೀಕೆರೆ ಬಳಿಯ ಹಾರನಹಳ್ಳಿಯಲ್ಲಿ 13ನೇ ಶತಮಾನದ ಎರಡು ಹೊಯ್ಸಳ ದೇವಾಲಯಗಳಿವೆ: ಚೆನ್ನಕೇಶವ ಮತ್ತು ಸೋಮೇಶ್ವರ. ನೋಡಲು ಬಂದವರು ಒಂದು ಗಂಟೆ ಸುತ್ತಾಡಿ, ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಅಷ್ಟಕ್ಕೇ ಊರು ಗೊತ್ತಾಗದು ಎನ್ನುತ್ತೇವೆ. ಹಾಗಾದರೆ ವರ್ಷಗಟ್ಟಲೆ ನೆಲೆಸಿದವನಿಗೆ ಗೊತ್ತಾಗುತ್ತದೆಯೇ?

ಈ ಗುಡಿಗಳಿಗೆ ನೂರು ವರ್ಷ ಮೊದಲು, ಮೆಡಿಟರೇನಿಯನ್ ತೀರದ ಟ್ಯುನೀಶಿಯದಿಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದ. ಅಲ್ಲಿ ಹಿತ್ತಾಳೆ ಸಾಮಾನು ಮಾಡಿಸಿದ, ಏಡನ್‌ಗೆ ಮೆಣಸು, ಅಡಿಕೆ ಕಳಿಸಿದ. ಅವನ ವ್ಯಾಪಾರಕ್ಕೆ ನೆರವಾದ ದಾಸ ಬೊಮ್ಮನಿಗೂ ಏಡನ್‌ನ ವರ್ತಕರು ಪತ್ರಗಳಲ್ಲಿ ಸಲಾಂ ಹೇಳುತ್ತಿದ್ದರು. 1132ರಲ್ಲಿ ಅಶು ಎಂಬ ದಾಸಿಯನ್ನು ಆತ ದಾಸ್ಯದಿಂದ ಬಿಡುಗಡೆ ಮಾಡಿದ. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ಭಾವಿಸುತ್ತಾರೆ. 1149ರಲ್ಲಿ ಆತ ಮಂಗಳೂರು ಬಿಟ್ಟ.

ಇದೆಲ್ಲ ತಿಳಿದಿರುವುದು ಕೈರೋದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದ ಕಾಗದಗಳಿಂದ. ಸರಕು, ಸಾಲ, ಲೆಕ್ಕ ಎಲ್ಲವೂ ಅಲ್ಲಿವೆ. ಅಶುವಿನ ಬಿಡುಗಡೆ ಪತ್ರವೂ ಇದೆ; ಅವಳ ಮಾತು ಒಂದೂ ಇಲ್ಲ. ಬಿಡುಗಡೆಯನ್ನು ಕೊಟ್ಟವನ ಔದಾರ್ಯವಾಗಿ ಓದುವ ನಾವು, ಪಡೆದವಳು ಏನೆಂದುಕೊಂಡಳು ಎಂದು ಕೇಳುವುದೇ ಇಲ್ಲ.

ಬಾಳಿದ ವರ್ಷಗಳು ಊರಿನ ಪರಿಚಯಕ್ಕೆ ಸಾಕ್ಷಿಯಾಗಲಾರವು. ನಮ್ಮ ಮನೆ, ಅಂಗಡಿ, ಹೊಲಗಳಲ್ಲಿ ದುಡಿದವರ ಮಾತು ನಮ್ಮ ನೆನಪಿನಲ್ಲಿ ಎಷ್ಟಿದೆಯೋ ಅಷ್ಟೇ ನಮ್ಮ ಅರಿವು. ಹಾರನಹಳ್ಳಿಗೆ ಹೋದಾಗ, ಗುಡಿಯ ಜೊತೆಗೆ ಅದರ ಪಕ್ಕದ ಮನೆಯವರನ್ನೂ ಮಾತಾಡಿಸಿ ಬನ್ನಿ.