ಅಂಗಳದ ಹಸಿರೂ ಅನರ್ಥದಂಡ ವಿರತಿಯೂ

ಶ್ರಾವಕನ ವ್ರತಗಳು ಅಡಿಗೆಮನೆಯಲ್ಲಿ ಮತ್ತು ಜಿನಮಂದಿರದಲ್ಲಿ ಮಾತ್ರ ಪರೀಕ್ಷೆಗೆ ಒಳಗಾಗುತ್ತವೆಂದು ತಿಳಿಯುವುದು ವಾಡಿಕೆ. ಮನೆಯ ಮುಂದಿನ ಹುಲ್ಲುಹಾಸೂ ಅಂತಹ ಪರೀಕ್ಷೆಯ ಸ್ಥಳವೆಂಬುದು ಅನೇಕರ ಗಮನಕ್ಕೆ ಬಂದಿರಲಾರದು. ನಗರದಲ್ಲಿ ಮನೆ ಕಟ್ಟಿದ ಗೃಹಸ್ಥನು ಅಂಗಳದಲ್ಲಿ ಆಸೆಯಿಂದ ಹುಲ್ಲು ಬೆಳೆಸುತ್ತಾನೆ. ಕೆಲವು ವರ್ಷಗಳಲ್ಲಿ ಅದು ಅಲ್ಲಲ್ಲಿ ಬೋಳಾಗುತ್ತದೆ, ಕಳೆ ಹಬ್ಬುತ್ತದೆ. ಆಗ ಮನೆಯಲ್ಲಿ ಎರಡು ಅಭಿಪ್ರಾಯಗಳು ಹುಟ್ಟುತ್ತವೆ. ಎಲ್ಲವನ್ನೂ ಅಗೆದು, ಔಷಧಿ ಹೊಡೆದು ಹೊಸದಾಗಿ ಹಸಿರು ಮಾಡಬೇಕೆಂಬುದು ಒಂದು. ಜೀವಹಿಂಸೆಯ ಭಯದಿಂದ ಅದನ್ನು ಮುಟ್ಟಲೇಬಾರದೆಂಬುದು ಇನ್ನೊಂದು. ಇವುಗಳಲ್ಲಿ ಯಾವುದು ಧರ್ಮ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮಣ್ಣು, ನೀರು, ವನಸ್ಪತಿ ಇವು ಏಕೇಂದ್ರಿಯ ಜೀವಗಳ ಕಾಯಗಳು. ಸ್ಥಾವರ ಹಿಂಸೆಯನ್ನು ಸಂಪೂರ್ಣವಾಗಿ ಬಿಡುವುದು ಮಹಾವ್ರತಿಗಳಿಗೆ ಸಾಧ್ಯ, ಗೃಹಸ್ಥನಿಗೆ ಅಸಾಧ್ಯ. ಆದರೆ ಅಸಾಧ್ಯವೆಂಬ ಮಾತು ಮಿತಿಯಿಲ್ಲದ ಅನುಮತಿಯಾಗಲಾರದು. ತನ್ನ ಯೋಗ್ಯ ಅಗತ್ಯಕ್ಕಾಗಿ ಅಲ್ಪ ಏಕೇಂದ್ರಿಯ ಘಾತವು ಅನಿವಾರ್ಯವಾದರೂ ಉಳಿದ ಸ್ಥಾವರ ಜೀವಗಳ ವಧೆಯಿಂದ ಗೃಹಸ್ಥನು ವಿರಮಿಸತಕ್ಕದ್ದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಧಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುತ್ತ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳ ಆರಂಭ ಮಾಡುವುದನ್ನೂ ವನಸ್ಪತಿಯನ್ನು ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಎಣಿಸಿದ್ದಾರೆ. ಆದುದರಿಂದ ‘ಈ ಹುಲ್ಲುಹಾಸು ಯಾರಿಗಾಗಿ?’ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಮಕ್ಕಳು ಆಡುವುದಕ್ಕೆ, ವೃದ್ಧರು ಸಂಜೆ ಕುಳಿತುಕೊಳ್ಳುವುದಕ್ಕೆ, ಮಳೆಯಲ್ಲಿ ಮಣ್ಣು ಕೊಚ್ಚಿಹೋಗದಿರುವುದಕ್ಕೆ ಎಂದರೆ ಪ್ರಯೋಜನ ಉಂಟು. ನೆರೆಮನೆಯ ಅಂಗಳಕ್ಕಿಂತ ಹಸಿರಾಗಿ ಕಾಣಬೇಕೆಂಬುದಷ್ಟೇ ಆದರೆ ಅದು ಮಾನಕಷಾಯದ ಕೃಷಿ.

ನೀರಿನ ಲೆಕ್ಕವನ್ನೇ ನೋಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಲು ಒಂದು ಲೀಟರ್ ಬೇಕು. 10 ಮೀಟರ್ ಉದ್ದ, 5 ಮೀಟರ್ ಅಗಲದ ಅಂಗಳಕ್ಕೆ 5 ಮಿಲಿಮೀಟರಿನಷ್ಟು ನೀರುಣಿಸಿದರೆ ಒಂದು ಸಲಕ್ಕೆ 250 ಲೀಟರ್ ಆಯಿತು. ಕುಡಿಯುವ ಒಂದು ತಂಬಿಗೆ ನೀರನ್ನು ಮಡಿಚಿದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಬಂದ ನೀರಿಗೇ ಮರಳಿಸುವ ಮನೆಯೇ ಈ 250 ಲೀಟರನ್ನು ಸೋಸದೆ ಸುರಿಯುತ್ತದೆ. 2024ರ ಮಾರ್ಚ್ ತಿಂಗಳಿನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ದಂಡದ ಭಯದಿಂದ ನಿಲ್ಲಿಸಿದವನಿಗೆ ಹಣ ಉಳಿಯಿತು. ವ್ರತದಿಂದ ನಿಲ್ಲಿಸಿದವನಿಗೆ ಕರ್ಮಾಸ್ರವವೂ ತಗ್ಗಿತು.

ಔಷಧಿಯ ವಿಷಯ ಇದಕ್ಕಿಂತ ಗಂಭೀರವಾದುದು. ಬೇರು ತಿನ್ನುವ ಗೊಣ್ಣೆಹುಳುವನ್ನು ಕೊಲ್ಲಲು ಮಣ್ಣಿಗೆ ವಿಷ ಬೆರೆಸುವಾಗ ಕೊಲ್ಲುವ ಸಂಕಲ್ಪ ಸ್ಪಷ್ಟವಾಗಿಯೇ ಇದೆ. ಅಲ್ಲಿ ಸಾಯುವವು ಸ್ಥಾವರಗಳಲ್ಲ. ಎರೆಹುಳುವಿನಂತಹ ದ್ವೀಂದ್ರಿಯಗಳು, ಇರುವೆಯಂತಹ ತ್ರೀಂದ್ರಿಯಗಳು. ತ್ರಸಜೀವಗಳ ಸಂಕಲ್ಪೀ ಹಿಂಸೆಯು ಅಣುವ್ರತಿಗೆ ಸರ್ವಥಾ ವರ್ಜ್ಯ. ಲೌಕಿಕ ದೃಷ್ಟಿಯಿಂದಲೂ ಇದು ಜಾಣತನವಲ್ಲ. ಮಣ್ಣಿನಲ್ಲಿ ದಾರಿ ಕೊರೆದು ಗಾಳಿ-ನೀರು ಇಳಿಯುವಂತೆ ಮಾಡುವುದು ಎರೆಹುಳುವೇ. ಅದು ಸತ್ತರೆ ನೆಲ ಗಟ್ಟಿಯಾಗಿ ಹುಲ್ಲು ಮತ್ತೆ ಬೋಳಾಗುತ್ತದೆ.

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳುವುದೇ ಅಹಿಂಸೆಯೇ? ಅದೂ ಅಲ್ಲ. ಉಪೇಕ್ಷೆ ಬೇರೆ, ತ್ಯಾಗ ಬೇರೆ. ಅಲಕ್ಷಿಸಿದ ಅಂಗಳದಲ್ಲಿ ಒಡೆದ ಕುಂಡಗಳು ಬೀಳುತ್ತವೆ. ಅವುಗಳಲ್ಲಿ ಮಳೆನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಕೊನೆಗೆ ಒಂದು ದಿನ ಮನೆಯವರೇ ವಿಷದ ಹೊಗೆ ಹಾಕಿಸುತ್ತಾರೆ. ಮೊದಲು ಕುಂಡವನ್ನು ಬೋರಲು ಹಾಕಿದ್ದರೆ ತಪ್ಪುತ್ತಿದ್ದ ಹಿಂಸೆಯು ಆಲಸ್ಯದಿಂದ ಬೆಳೆಯಿತು. ಹಸಿದವನೆಲ್ಲ ಉಪವಾಸಿಯಲ್ಲ, ಹಾಗೆಯೇ ಕೆಲಸ ಮಾಡದವನೆಲ್ಲ ಅಹಿಂಸಕನಲ್ಲ. ಅಂಗಳಕ್ಕೆಲ್ಲ ಕಲ್ಲು ಹಾಸಿಬಿಡುವುದೂ ಪರಿಹಾರವಲ್ಲ. ಅಲ್ಲಿದ್ದ ಜೀವಗಳೆಲ್ಲ ಒಮ್ಮೆಗೇ ನಾಶವಾಗುತ್ತವೆ, ಮಳೆಯ ನೀರು ನೆಲಕ್ಕಿಳಿಯದೆ ಬೀದಿಗೆ ಹರಿಯುತ್ತದೆ.

ಜಿನಸೇನಾಚಾರ್ಯರ ಆದಿಪುರಾಣದ ಒಂದು ಪ್ರಸಂಗ ಇಲ್ಲಿ ಸ್ಮರಣೀಯವಾಗಿದೆ. ದಿಗ್ವಿಜಯದಿಂದ ಹಿಂದಿರುಗಿದ ಭರತ ಚಕ್ರವರ್ತಿಯು ದಾನಕ್ಕೆ ಯೋಗ್ಯರಾದ ವ್ರತಿಗಳನ್ನು ಗುರುತಿಸಲು ಅರಮನೆಯ ಅಂಗಳದಲ್ಲಿ ಹಸಿರು ಮೊಳಕೆ, ಹೂವು, ಹಣ್ಣುಗಳನ್ನು ಹರಡಿಸಿದನು. ಅವ್ರತಿಗಳು ತುಳಿದು ಒಳಬಂದರು. ವ್ರತಿಗಳು ಹೊರಗೇ ನಿಂತರು. ಚಕ್ರವರ್ತಿಯು ಅವರನ್ನು ಪ್ರಾಸುಕವಾದ ಬೇರೊಂದು ದಾರಿಯಿಂದ ಕರೆಸಿ ಸನ್ಮಾನಿಸಿದನು. ಅವರು ಅರಮನೆಯನ್ನು ತ್ಯಜಿಸಿ ಹೋಗಲಿಲ್ಲ, ಹಸಿರನ್ನು ತುಳಿಯಲೂ ಇಲ್ಲ. ನಿಂತು, ನೋಡಿ, ಬೇರೆ ದಾರಿಯಿಂದ ಬಂದರು. ಅಂಗಳದ ಹುಲ್ಲಿನ ವಿಷಯದಲ್ಲಿಯೂ ಗೃಹಸ್ಥನಿಗೆ ಇದೇ ಮಾದರಿ.

ಆ ಬೇರೆ ದಾರಿ ಕಷ್ಟದ್ದೇನಲ್ಲ. ಮೊದಲು ಪರಿಮಾಣ: ನಿಜವಾಗಿ ಉಪಯೋಗಿಸುವಷ್ಟು ಜಾಗದಲ್ಲಿ ಮಾತ್ರ ಹುಲ್ಲುಹಾಸು ಇರಲಿ. ಗರಿಕೆಯು ಮರದ ದಟ್ಟ ನೆರಳಿನಲ್ಲಿ ಬೆಳೆಯುವುದಿಲ್ಲ. ಅಲ್ಲಿ ಅದನ್ನು ಮತ್ತೆ ಮತ್ತೆ ನೆಟ್ಟು ಕೊಲ್ಲುವ ಬದಲು ನೆರಳನ್ನು ಸಹಿಸುವ ಗಿಡಗಳಿಗೆ ಎಡೆಕೊಡಬೇಕು. ಬೇಸಗೆಯಲ್ಲಿ ಕಂದಿದ ಗರಿಕೆ ಸತ್ತಿತೆಂದು ಅಗೆಯಬೇಕಾಗಿಲ್ಲ. ಅದರ ಗೆಣ್ಣುಗಳು ಮಣ್ಣಿನೊಳಗೆ ಜೀವ ಹಿಡಿದಿದ್ದು ಮಳೆ ಬಿದ್ದೊಡನೆ ಚಿಗುರುತ್ತವೆ, ಬಳ್ಳಿಯಾಗಿ ಹರಿದು ಬೋಳುನೆಲವನ್ನೂ ಮುಚ್ಚುತ್ತವೆ. ಬುಡದವರೆಗೆ ಕತ್ತರಿಸಿದರೆ ಬೇರು ಸೊರಗಿ ಕಳೆಗೆ ಅವಕಾಶವಾಗುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂಬುದು ತೋಟಗಾರಿಕೆಯ ನಿಯಮ. ಕತ್ತರಿಸುವ ಮೊದಲು ಹಗಲು ಬೆಳಕಿನಲ್ಲಿ ನಡೆದು ನೋಡಿ, ಕಪ್ಪೆ, ಬಸವನಹುಳು, ಮಿಡತೆಗಳಿಗೆ ಸರಿದುಹೋಗಲು ಸಮಯ ಕೊಡಬೇಕು. ವಿಷವಂತೂ ಬೇಡವೇ ಬೇಡ.

ಅಷ್ಟಮಿ-ಚತುರ್ದಶಿಗಳಂದು ಹಸಿರು ಕಾಯಿಪಲ್ಯಗಳನ್ನು ತ್ಯಜಿಸುವ ಮನೆಗಳು ಅನೇಕ. ನಾಲಗೆಗೆ ಹಸಿರು ನಿಷಿದ್ಧವಾದ ಆ ದಿನಗಳಲ್ಲಿ ಕತ್ತರಿಗೂ ಅದು ನಿಷಿದ್ಧವಾಗಲಿ. ಚಾತುರ್ಮಾಸದಲ್ಲಿ ಮುನಿಗಳು ಹಸಿರಿನ ಮೇಲೆ ಕಾಲಿಡಬೇಕಾದೀತೆಂದು ವಿಹಾರವನ್ನೇ ನಿಲ್ಲಿಸುತ್ತಾರೆ. ಶ್ರಾವಕ-ಶ್ರಾವಿಕೆಯರು ಅಷ್ಟನ್ನು ಮಾಡಲಾರರು. ಆದರೆ ಈ ಅಂಗಳದಲ್ಲಿ ಇಷ್ಟು ಹುಲ್ಲು, ಇಷ್ಟು ನೀರು, ಇಂತಹ ದಿನಗಳಲ್ಲಿ ಕತ್ತರಿಯಿಲ್ಲ ಎಂಬ ಸಣ್ಣ ನಿಯಮವನ್ನು ಜಿನಬಿಂಬದ ಮುಂದೆ ಸ್ವೀಕರಿಸುವುದು ಪ್ರತಿಯೊಂದು ಮನೆಗೂ ಶಕ್ಯ.